ಉಂಗುರ ಇದ್ದರೂ ನೆನಪಿಲ್ಲ

ಮಹಾಭಾರತದ ಶಕುಂತಲೆಯ ಕತೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲ ನೆನಪಿದೆ. ಜನರ ಮಾತಿಗೆ ಅಂಜಿ ಗೊತ್ತಿಲ್ಲ ಎನ್ನುತ್ತಾನೆ. ಕಾಳಿದಾಸನ ನಾಟಕದಲ್ಲಿ ಮಾತ್ರ ರಾಜ ಶಾಪದಿಂದ ಮರೆಯುತ್ತಾನೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ ಕಂಡೊಡನೆ ಎಲ್ಲವೂ ನೆನಪಾಗುತ್ತದೆ. ಬಸವಪ್ಪ ಶಾಸ್ತ್ರಿಗಳು ಅದನ್ನು ಕನ್ನಡಕ್ಕೆ ತಂದರು. ಪ್ರೀತಿ ಎಂದರೆ ಹೀಗೇ ಇರಬೇಕು ಎಂದುಕೊಂಡು ಬೆಳೆದವಳು ನಾನು.

ಈಗ ನಮ್ಮಜ್ಜನಿಗೂ ಮರೆವು. ಶಾಪದಿಂದಲ್ಲ, ಆಲ್ಜೈಮರ್ ಕಾಯಿಲೆಯಿಂದ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಮಿದುಳಿನ ಜೀವಕೋಶಗಳು ನಿಧಾನವಾಗಿ ನಶಿಸುತ್ತವೆ. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ.

ಅಜ್ಜಿಯ ಬೆರಳಲ್ಲಿ ಮದುವೆಯ ಉಂಗುರವಿದೆ. ಅಜ್ಜ ಅದನ್ನೇ ನೋಡಿ, "ಚೆನ್ನಾಗಿದೆ, ಯಾರು ಕೊಟ್ಟಿದ್ದಮ್ಮಾ?" ಎಂದು ಕೇಳುತ್ತಾರೆ.

"ನೀವೇ. ಕಾಫಿ ಆರಿಹೋಗುತ್ತೆ, ಕುಡೀರಿ."

ಹತ್ತು ಸಲ ಕೇಳಿದರೆ ಹತ್ತು ಸಲವೂ ಇದೇ ಉತ್ತರ. ತಾಳ್ಮೆ ಸೋತಾಗ ಅಜ್ಜಿ ಹಿತ್ತಲಿಗೆ ಹೋಗಿ ದಾಸವಾಳಕ್ಕೆ ನೀರು ಹಾಕಿ ಬರುತ್ತಾರೆ. ಬಂದು ಮತ್ತೆ ಅಜ್ಜನ ಅಂಗಿಯ ಗುಂಡಿ ಹಾಕುತ್ತಾರೆ.

"ನಿನಗೆ ದುಃಖ ಆಗಲ್ವಾ ಅಜ್ಜಿ?" ಎಂದೆ.

"ಆಗದೆ ಇರುತ್ತಾ? ಆದ್ರೆ ನನಗೆ ನೆನಪಿದೆಯಲ್ಲ, ಸದ್ಯಕ್ಕೆ ಇಬ್ಬರಿಗೂ ಸಾಕು."

ಕಾಳಿದಾಸನ ನಾಟಕ ನನಗೆ ಇಂದಿಗೂ ಇಷ್ಟ. ಆದರೆ ನೆನಪು ಮರಳದಿದ್ದರೂ ಉಳಿಯುವ ಪ್ರೀತಿಯನ್ನು ನಾನು ಕಂಡದ್ದು ನಮ್ಮ ಮನೆಯಲ್ಲೇ.

ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಅಜ್ಜನೋ ಅಜ್ಜಿಯೋ ಇದ್ದರೆ, "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ.