ಎರಡು ವಿದ್ಯಾಪೀಠಗಳ ನಡುವೆ

ಅಮೆರಿಕ ದೇಶದ ಒಹಾಯೊ ಸಂಸ್ಥಾನದ ಉತ್ತರದ ಅಂಚಿನಲ್ಲಿ ಟೊಲೀಡೊ ಎಂಬ ಪಟ್ಟಣವಿರುವುದು. ಮಾಮೀ ನದಿಯು ಈರಿ ಸರೋವರವನ್ನು ಸೇರುವೆಡೆಯಲ್ಲಿ ಬೆಳೆದ ಊರು. ಗಾಜಿನ ಕಾರ್ಖಾನೆಗಳಿಂದ ಹೆಸರಾದುದು. ನಮ್ಮ ಮಗಳೂ ಅಳಿಯಂದಿರೂ ಅಲ್ಲಿ ಮನೆಮಾಡಿಕೊಂಡಿರುವುದರಿಂದ, 2024ನೆಯ ಇಸವಿಯ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಲ್ಲಿ ವಾಸಮಾಡುವ ಸಂದರ್ಭವು ನಮಗೆ ಒದಗಿತು. ಮನೆಯಿಂದ ಉತ್ತರಕ್ಕೆ ಅರ್ಧ ಗಂಟೆ ನಡೆದರೆ ಮಿಷಿಗನ್ ಸಂಸ್ಥಾನ. ನಡುವೆ ಹೊಳೆಯಿಲ್ಲ, ಗುಡ್ಡವಿಲ್ಲ; ದಾರಿಯ ಪಕ್ಕದಲ್ಲಿ ನೆಟ್ಟ ಹಲಗೆಯೊಂದೇ ಗಡಿಯ ಗುರುತು.

ಇಷ್ಟು ಸಾಧುವಾಗಿ ಕಾಣುವ ಈ ಗಡಿಗಾಗಿ 1835ರಲ್ಲಿ ಎರಡು ಕಡೆಯವರೂ ದಂಡನ್ನು ಕೂಡಿಸಿದ್ದರೆಂದರೆ ವಾಚಕರು ನಂಬಲಾರರು. ಟೊಲೀಡೊ ತಮಗೆ ಸೇರಬೇಕೆಂದು ಇಬ್ಬರ ಹಟ. ಆ ಯುದ್ಧದಲ್ಲಿ ಒಬ್ಬನೂ ಸಾಯಲಿಲ್ಲ. ಮಿಷಿಗನ್ನಿನ ಅಧಿಕಾರಿಯೊಬ್ಬನಿಗೆ ಪೆನ್ನುಚಾಕುವಿನ ಗಾಯವಾದುದೇ ಅದರ ರಕ್ತಪಾತವೆಲ್ಲ. ಕಡೆಗೆ ಪಟ್ಟಣವು ಒಹಾಯೊವಿಗೆ ಸಂದಿತು. ಮಿಷಿಗನ್ನಿಗೆ ಅದರ ಬದಲು ಉತ್ತರದ ಕಾಡುಸೀಮೆಯನ್ನು ಕೊಟ್ಟು 1837ರಲ್ಲಿ ಸಂಸ್ಥಾನದ ಪದವಿಯನ್ನು ದಯಪಾಲಿಸಿದರು. ಆ ಕಾಡಿನಲ್ಲಿ ತಾಮ್ರವೂ ಕಬ್ಬಿಣವೂ ಹೇರಳವಾಗಿ ದೊರೆತುವೆಂಬುದು ಮುಂದಿನ ಮಾತು. ಜಗಳವೇನೋ ಅಲ್ಲಿಗೆ ತೀರಿತು. ಆದರೆ ಅದರ ನೆನಪು ಇಂದಿಗೂ ಕಾಲ್ಚೆಂಡಿನ ರೂಪದಲ್ಲಿ ಜೀವಿಸಿಕೊಂಡಿದೆ.

ಕಾಲ್ಚೆಂಡೆಂದರೆ ನಮ್ಮ ಮಕ್ಕಳು ಆಡುವ ಆಟವಲ್ಲ. ತೆಂಗಿನಕಾಯಿಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು. ಎದುರಿನ ಹನ್ನೊಂದು ಮಂದಿ ಅವನನ್ನು ಕೆಡವುವುದು. ನಾಲ್ಕು ಸರದಿಗಳಲ್ಲಿ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗಳದಾಗುವುದು. ಮಿಷಿಗನ್ ವಿಶ್ವವಿದ್ಯಾನಿಲಯದವರೂ ಒಹಾಯೊ ಸಂಸ್ಥಾನದ ವಿಶ್ವವಿದ್ಯಾನಿಲಯದವರೂ ಮೊದಲು ಕೈಮಿಲಾಯಿಸಿದ್ದು 1897ರಲ್ಲಿ. 1918ರಿಂದ ಈಚೆಗೆ, ಸಾಂಕ್ರಾಮಿಕದ 2020ನೆಯ ವರ್ಷವೊಂದನ್ನು ಬಿಟ್ಟರೆ, ಈ ಪಂದ್ಯವು ತಪ್ಪಿದುದಿಲ್ಲ. ನಮ್ಮ ಅಳಿಯಂದಿರು ಓದಿದ್ದು ಒಹಾಯೊದ ಕೊಲಂಬಸಿನಲ್ಲಿ, ಮಗಳು ಓದಿದ್ದು ಮಿಷಿಗನ್ನಿನ ಆ್ಯನ್ ಆರ್ಬರಿನಲ್ಲಿ. ಪಂದ್ಯದ ದಿನ ಇವರು ಕೆಂಪಂಗಿ, ಅವಳು ನೀಲಿಯಂಗಿ ತೊಟ್ಟು ಪಡಸಾಲೆಯ ನಡುವೆ ಕಾಗದದ ಪಟ್ಟಿಯನ್ನಂಟಿಸಿ ಆಚೀಚೆ ಕುಳಿತುಕೊಳ್ಳುವರು. ಊಟ ಮಾತ್ರ ಒಟ್ಟಿಗೆ ನಡೆಯುವುದು.

ಅಕ್ಟೋಬರಿನಲ್ಲಿ ಮಗಳು ನಮ್ಮನ್ನು ಆ್ಯನ್ ಆರ್ಬರಿಗೆ ಕರೆದುಕೊಂಡು ಹೋದಳು. ಮೇಪಲ್ ಮರಗಳೆಲ್ಲ ಕೆಂಪೇರಿದ್ದುವು. ಅಲ್ಲಿಯ ಕ್ರೀಡಾಂಗಣವು 1927ರಲ್ಲಿ ಕಟ್ಟಿದುದು; ಬಹುಭಾಗವನ್ನು ನೆಲದೊಳಕ್ಕೆ ತೋಡಿ ನಿರ್ಮಿಸಿರುವುದರಿಂದ ಹೊರಗಿನಿಂದ ನೋಡಿದವರಿಗೆ ಅದರ ಗಾತ್ರ ತಿಳಿಯದು. ಒಳಹೊಕ್ಕು ಕೆಳಗೆ ನೋಡಿದಾಗ ನಮಗೆ ಕಲ್ಯಾಣಿಯ ಮೆಟ್ಟಲುಗಳ ನೆನಪಾಯಿತು. ನೀರಿರಬೇಕಾದಲ್ಲಿ ಹಸುರು ಮೈದಾನ. 1,07,601 ಮಂದಿ ಕೂರಬಹುದು. ಊರಿನ ಜನಸಂಖ್ಯೆಯಾದರೋ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ. ಒಂದು ವಿದ್ಯಾಪೀಠವು ಊರಿಗೆ ಊರನ್ನೇ ಕೂರಿಸಬಲ್ಲ ಅಂಗಳವನ್ನು ಆಟಕ್ಕಾಗಿ ಕಟ್ಟಿತಲ್ಲಾ ಎಂದು ನಾವು ಬಹಳ ಹೊತ್ತು ಸುಮ್ಮನೆ ನಿಂತಿದ್ದೆವು.

ನವೆಂಬರಿನ ಕೊನೆಯ ವಾರ ಅಳಿಯಂದಿರ ಸರದಿ. ಕೊಲಂಬಸಿನ ಕ್ರೀಡಾಂಗಣವು 1922ರದು, ಕುದುರೆಯ ಲಾಳದ ಆಕಾರ. ಅದರಲ್ಲಿಯೂ ಲಕ್ಷಕ್ಕೆ ಮೀರಿದ ಜನಕ್ಕೆ ಎಡೆಯುಂಟು. ಪಂದ್ಯದ ವಾರವಾದುದರಿಂದ ಅಲ್ಲಿ ಒಂದು ವಿಚಿತ್ರವನ್ನು ಕಂಡೆವು. ಹಲಗೆಗಳ ಮೇಲೆ, ಕಟ್ಟಡಗಳ ಹೆಸರುಗಳಲ್ಲಿ, ಎಲ್ಲೆಲ್ಲಿ ‘ಎಂ’ ಎಂಬ ಅಕ್ಷರವಿದೆಯೋ ಅಲ್ಲೆಲ್ಲ ಅದರ ಮೇಲೆ ಕೆಂಪು ಪಟ್ಟಿಯನ್ನು ಅಡ್ಡಡ್ಡಲಾಗಿ ಅಂಟಿಸಿದ್ದರು. ಶತ್ರುವಿನ ಹೆಸರಿನ ಮೊದಲನೆಯ ಅಕ್ಷರವು ಕಣ್ಣಿಗೆ ಬೀಳಕೂಡದಂತೆ! ಅಕ್ಷರವನ್ನು ನಾಶವಿಲ್ಲದುದೆಂದು ಕಲಿತು ಕಲಿಸಿದ ನಮಗೆ ನಗು ತಡೆಯಲಿಲ್ಲ.

ಈ ವೈರದ ಕಥೆಯಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಒಂದು ಗುರುಶಿಷ್ಯರ ಪ್ರಸಂಗ. ವುಡಿ ಹೇಸ್ ಎಂಬುವರು 1951ರಿಂದ 1978ರವರೆಗೆ ಒಹಾಯೊ ತಂಡದ ಕೋಚ್ ಆಗಿದ್ದರು. ಮೊದಲು ಹೈಸ್ಕೂಲಿನಲ್ಲಿ ಪಾಠ ಹೇಳಿದವರು, ಇತಿಹಾಸದಲ್ಲಿ ಬಲು ಆಸಕ್ತರು, ಕೋಪವೂ ಹೆಚ್ಚು. ಮಿಷಿಗನ್ನಿನ ಹೆಸರನ್ನೆತ್ತದೆ ‘ಆ ಉತ್ತರದ ಕಡೆಯ ಶಾಲೆ’ ಎನ್ನುತ್ತಿದ್ದರು. ಬೋ ಷೆಂಬೆಕ್ಲರ್ ಎಂಬುವರು ಒಹಾಯೊದಲ್ಲಿಯೇ ಹುಟ್ಟಿ, ಹೇಸರ ಕೈಕೆಳಗೆ ಆಡಿ, ಅವರ ಬಳಿಯಲ್ಲಿಯೇ ಸಹಾಯಕರಾಗಿ ಪಳಗಿದವರು. ಅವರು 1969ರಲ್ಲಿ ಮಿಷಿಗನ್ನಿನ ಕೋಚಾಗಿ ಹೋದರು. ಇಪ್ಪತ್ತೆರಡು ಪಂದ್ಯಗಳನ್ನು ಸತತವಾಗಿ ಗೆದ್ದಿದ್ದ ಗುರುವಿನ ತಂಡವನ್ನು ಆ ವರ್ಷವೇ 24ಕ್ಕೆ 12ರಂತೆ ಸೋಲಿಸಿದರು. ಮುಂದೆ ಹತ್ತು ವರ್ಷ ಇಬ್ಬರೂ ಎದುರುಬದುರು ನಿಂತರು: ಶಿಷ್ಯನಿಗೆ ಐದು ಜಯ, ಗುರುವಿಗೆ ನಾಲ್ಕು, ಒಂದು ಸಮ. ದ್ರೋಣಾರ್ಜುನರ ಸಂಗತಿಯನ್ನು ಬಲ್ಲ ನಾವು ಇದಕ್ಕೆ ಬೇರೆ ವ್ಯಾಖ್ಯಾನ ಬರೆಯಬೇಕಾಗಿಲ್ಲ. ಷೆಂಬೆಕ್ಲರರು ತೀರಿಕೊಂಡದ್ದು 2006ನೆಯ ನವೆಂಬರ್ 17ರಂದು. ಮರುದಿನವೇ ಕೊಲಂಬಸಿನಲ್ಲಿ ದೇಶದ ಒಂದನೆಯ ತಂಡಕ್ಕೂ ಎರಡನೆಯ ತಂಡಕ್ಕೂ, ಎಂದರೆ ಈ ಎರಡಕ್ಕೇ, ಪಂದ್ಯವಿದ್ದಿತು. ಆಟಕ್ಕೆ ಮೊದಲು ಕೆಂಪಂಗಿಯ ಆ ಜನಸಮುದ್ರವು ಎದುರಾಳಿಗಳ ಗುರುವಿಗಾಗಿ ಮೌನವಾಗಿ ಎದ್ದುನಿಂತಿತು. ವೈರವೆಂಬುದು ಹೀಗಿರುವುದಾದರೆ ಅದೂ ಒಂದು ಬಗೆಯ ನಂಟೇ ಸರಿ.

ಇನ್ನು ಆಟಗಾರರನ್ನು ಕೂಡಿಸುವ ವಿಷಯ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗರನ್ನು ಪತ್ರಿಕೆಯವರು ನಕ್ಷತ್ರಗಳಿಂದ ಅಳೆಯುವರು. ಐದು ನಕ್ಷತ್ರವೆಂದರೆ ರತ್ನ. ವಿದ್ಯಾಪೀಠಗಳ ಕೋಚುಗಳು ಹುಡುಗನ ಮನೆಗೆ ಬಂದು, ತಾಯಿತಂದೆಗಳ ಅಡಿಗೆಮನೆಯ ಮೇಜಿನ ಮುಂದೆ ಕುಳಿತು, ತಮ್ಮಲ್ಲಿಗೆ ಕಳುಹಿಸಿಕೊಡಿರೆಂದು ಕೇಳುವರು. ಹೆಣ್ಣು ಕೇಳಲು ಬಂದವರಂತೆಯೇ ವಿನಯ, ಜಂಬ, ಆತುರ ಎಲ್ಲವೂ ಉಂಟು. ಹುಡುಗರು ಗಡಿಯನ್ನು ಲೆಕ್ಕಿಸುವುದಿಲ್ಲ. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪಾರಿತೋಷಕವನ್ನು ಮಿಷಿಗನ್ನಿಗಾಗಿ 1991ರಲ್ಲಿ ಗೆದ್ದ ಡೆಸ್ಮಂಡ್ ಹವರ್ಡ್ ಒಹಾಯೊದ ಕ್ಲೀವ್‌ಲೆಂಡಿನವರು. 1997ರಲ್ಲಿ ಗೆದ್ದ ಚಾರ್ಲ್ಸ್ ವುಡ್‌ಸನ್ ಟೊಲೀಡೊವಿಗೆ ಸಮೀಪದ ಫ್ರೀಮಾಂಟಿನವರು. ತಮ್ಮ ಮಣ್ಣಿನ ಮಕ್ಕಳೇ ತಮ್ಮನ್ನು ಸೋಲಿಸಿದರೆಂಬ ನೋವು ಕೊಲಂಬಸಿನವರಿಗೆ ಇನ್ನೂ ಮಾಸಿಲ್ಲ.

ಮೊದಲೆಲ್ಲ ಇಂಥ ಹುಡುಗರಿಗೆ ದೊರೆಯುತ್ತಿದ್ದುದು ವಿದ್ಯಾರ್ಥಿವೇತನ ಮಾತ್ರ. ಹಣ ಮುಟ್ಟಿದರೆ ದೋಷ. ಮಿಷಿಗನ್ನನ್ನು ಸೋಲಿಸಿದ ಒಹಾಯೊ ಆಟಗಾರರಿಗೆ ಪುಟ್ಟ ಚಿನ್ನದ ಷರಾಯಿಯ ಪದಕವೊಂದನ್ನು ಕೊಡುವ ಪದ್ಧತಿ 1934ರಿಂದ ನಡೆದು ಬಂದಿದೆ. ಎದುರಾಳಿಗಳೂ ನಮ್ಮಂತೆಯೇ ಒಂದೊಂದು ಕಾಲಾಗಿ ಷರಾಯಿ ತೊಡುವ ಮನುಷ್ಯರೇ ಎಂದು ಅಂದಿನ ಕೋಚ್ ಹೇಳಿದುದರ ನೆನಪಿಗಾಗಿ ಇದು. 2010ರಲ್ಲಿ ಕೆಲವು ಆಟಗಾರರು ಇಂಥ ಪದಕಗಳನ್ನೂ ಉಂಗುರಗಳನ್ನೂ ಹಚ್ಚೆ ಹಾಕುವವನೊಬ್ಬನಿಗೆ ಮಾರಿದರೆಂದು ಬಯಲಾಯಿತು. ಐವರಿಗೆ ಐದೈದು ಪಂದ್ಯಗಳ ನಿಷೇಧವಾಯಿತು. 2011ರ ಮೇ ತಿಂಗಳಲ್ಲಿ ಕೋಚು ರಾಜೀನಾಮೆಯಿತ್ತರು. 2010ರ ಗೆಲುವುಗಳನ್ನೆಲ್ಲ ದಾಖಲೆಯಿಂದ ಅಳಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಧರ್ಮವೇ ಬದಲಾಯಿತು. 2021ನೆಯ ಜುಲೈ 1ರಿಂದ ಆಟಗಾರರು ತಮ್ಮ ಹೆಸರನ್ನೂ ಮುಖವನ್ನೂ ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದಾಯಿತು. ಒಂದು ವಿದ್ಯಾಪೀಠವನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ವರ್ಷವಿಡೀ ಆಡದೆ ಕೂರಬೇಕೆಂಬ ಕಟ್ಟಳೆಯೂ ಸಡಿಲಿತು. 2025ರಿಂದ ವಿದ್ಯಾಪೀಠಗಳೇ ನೇರವಾಗಿ ತಮ್ಮ ಕ್ರೀಡಾಪಟುಗಳಿಗೆ ವರ್ಷಕ್ಕೆ ಒಟ್ಟು ಎರಡು ಕೋಟಿ ಡಾಲರುಗಳಿಗೆ ಮೀರಿ ಹಂಚಬಹುದು. ಲಕ್ಷ ಜನ ಹಣ ತೆತ್ತು ನೋಡುವ ಆಟದಲ್ಲಿ ಆಡುವವನಿಗೆ ಪಾಲಿಲ್ಲವೆಂಬುದು ಅನ್ಯಾಯವೇ ಆಗಿದ್ದಿತು. ಅದು ಹೋದುದು ಒಳ್ಳೆಯದೇ. ಆದರೆ ಹಣ ಬಂದೊಡನೆ ಹುಡುಗನ ಮನೆಯ ಚಿಂತೆ ಮುಗಿಯಿತೆಂದು ಭಾವಿಸುವವರು ನಮ್ಮ ಪಕ್ಕದ ಮನೆಯನ್ನು ನೋಡಬೇಕಾಗಿದ್ದಿತು.

ಆ ಮನೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನಿದ್ದನು. ತಾಯಿ ಆಸ್ಪತ್ರೆಯಲ್ಲಿ ರಾತ್ರಿಯ ದಾದಿ. ತಾತ ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, 1969ರ ಸೋಲನ್ನು ಕಣ್ಣಾರೆ ಕಂಡು ಅತ್ತವರು. ನಮ್ಮ ಮನೆಯವರು ಬೇಲಿಯಾಚೆ ಚಕ್ಕುಲಿಯನ್ನು ಕೊಡಹೋಗಿ ಸ್ನೇಹ ಬೆಳೆಯಿತು. ಹುಡುಗನಿಗೆ ಐದು ನಕ್ಷತ್ರಗಳಿರಲಿಲ್ಲ. ಒಂದು ದೊಡ್ಡ ವಿದ್ಯಾಪೀಠದವರು—ಯಾವುದೆಂದು ಹೇಳುವುದು ಉಚಿತವಲ್ಲ—ತಂಡದಲ್ಲಿ ಸೇರಿಸಿಕೊಳ್ಳುವೆವು, ಶುಲ್ಕವನ್ನು ನೀವೇ ತೆರಬೇಕು ಎಂದಿದ್ದರು. ಒಂದು ಚಿಕ್ಕ ವಿದ್ಯಾಪೀಠದವರು ಪೂರ್ಣ ವಿದ್ಯಾರ್ಥಿವೇತನ ಕೊಡುವೆವೆಂದಿದ್ದರು. ತಂಡಕ್ಕೆ 105 ಮಂದಿಯೆಂಬ ಮಿತಿ ಬರುತ್ತಿದೆ, ಶುಲ್ಕ ತೆತ್ತು ಆಡುವವರನ್ನೇ ಮೊದಲು ಕೈಬಿಡುವರು ಎಂಬ ಸುದ್ದಿಯೂ ಆಗಲೇ ಹಬ್ಬಿದ್ದಿತು. ತಾತನಿಗೆ ದೊಡ್ಡ ಹೆಸರಿನ ಮೇಲೆ ಆಸೆ. ಹುಡುಗನಿಗೆ ಲಕ್ಷ ಜನರ ಕೂಗಿನ ಮೇಲೆ. ತಾಯಿಯು ಮಾತ್ರ ಬಂದವರೆಲ್ಲರಿಗೂ ಒಂದೇ ಪ್ರಶ್ನೆಯನ್ನು ಹಾಕಿದಳಂತೆ: “ಇವನ ಮೊಣಕಾಲು ಮುರಿದರೆ ಆಮೇಲೇನು?”

ದೊಡ್ಡ ವಿದ್ಯಾಪೀಠದವರು ಸುಳ್ಳಾಡಲಿಲ್ಲ, ಮಾತು ಕೊಡಲಾರೆವೆಂದರು. ಚಿಕ್ಕ ವಿದ್ಯಾಪೀಠದವರು, ಆಡಲಾಗದಿದ್ದರೂ ಪದವಿ ಮುಗಿಯುವವರೆಗೆ ಓದಿಸುವೆವೆಂದು ಕಾಗದದಲ್ಲಿ ಬರೆದುಕೊಟ್ಟರು. ಒಂದು ಸಂಜೆ ತಾತನು ನಮ್ಮನ್ನು, “ನೀವು ಉಪಾಧ್ಯಾಯರು, ನೀವೇನು ಹೇಳುವಿರಿ?” ಎಂದು ಕೇಳಿದರು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಅದರ ಕಾರಣವನ್ನು ಇಲ್ಲಿ ಮರೆಮಾಡದೆ ಹೇಳಬೇಕು.

ಇಪ್ಪತ್ತು ವರ್ಷಗಳಿಗೆ ಹಿಂದೆ ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ ಗಣಿತದಲ್ಲಿ ಅಸಾಧಾರಣನಾದ ಬಾಲಕನೊಬ್ಬನಿದ್ದನು. ಪಕ್ಕದ ಊರಿನ ಶಾಲೆಯವರು ಊಟ ವಸತಿಗಳನ್ನಿತ್ತು ಅವನನ್ನು ಕರೆದುಕೊಳ್ಳಲು ಸಿದ್ಧರಾಗಿದ್ದರು. ಆ ಶಾಲೆಗೂ ನಮ್ಮದಕ್ಕೂ ಫಲಿತಾಂಶದ ಪೈಪೋಟಿ. ತಂದೆಯು ವರ್ಗಾವಣೆಯ ಪತ್ರಕ್ಕಾಗಿ ಬಂದಾಗ ನಾವು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ತರಿಸಿ, ಹುಟ್ಟಿದೂರಿನ ಶಾಲೆಯ ಅಭಿಮಾನವನ್ನು ಕುರಿತು ಉಪನ್ಯಾಸಮಾಡಿ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದೆವು. ನಮ್ಮಲ್ಲಿ ವಿಜ್ಞಾನದ ಉಪಾಧ್ಯಾಯರ ಸ್ಥಳವು ಎರಡು ವರ್ಷದಿಂದ ಖಾಲಿಯಿದ್ದುದನ್ನು ಹೇಳಲಿಲ್ಲ. ಹುಡುಗನು ಗಣಿತದಲ್ಲಿ ನೂರಕ್ಕೆ ನೂರು ತೆಗೆದು ಶಾಲೆಗೆ ಕೀರ್ತಿ ತಂದನು. ವಿಜ್ಞಾನದಲ್ಲಿ ಹಿಂದೆ ಬಿದ್ದು, ಬಯಸಿದ ವಿದ್ಯೆಗೆ ಎಡೆ ದೊರೆಯದೆ ಓದನ್ನು ನಿಲ್ಲಿಸಿದನು. ಈಗ ಪಂಪುಗಳ ರಿಪೇರಿಯ ಅಂಗಡಿಯಿಟ್ಟಿರುವನು, ಕಂಡಾಗ ಕೈಮುಗಿಯುವನು. ಕೈಮುಗಿದಾಗಲೇ ನಮಗೆ ಹೆಚ್ಚು ನೋವು. ಅವನ ತಂದೆಗೆ “ಆಮೇಲೇನು?” ಎಂದು ಕೇಳಲು ತೋಚಲಿಲ್ಲ, ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ತಾತನಿಗೆ ನಾವು ಈ ಕಥೆಯನ್ನೇ ಹೇಳಿದೆವು, ಸಲಹೆಯನ್ನು ಹೇಳಲಿಲ್ಲ. ಅವರು ಬಹಳ ಹೊತ್ತು ಬೇಲಿಯ ಕಂಬವನ್ನು ಹಿಡಿದುಕೊಂಡು ನಿಂತಿದ್ದು ಒಳಗೆ ಹೋದರು.

ನವೆಂಬರ್ 30ರಂದು ಪಂದ್ಯ. ನಾವೆಲ್ಲರೂ ದೂರದರ್ಶನದ ಮುಂದೆ ಕುಳಿತಿದ್ದೆವು. ಒಹಾಯೊ ದೇಶದ ಎರಡನೆಯ ತಂಡ. ಮಿಷಿಗನ್ ಆ ವರ್ಷ ಐದು ಪಂದ್ಯಗಳನ್ನು ಸೋತು ಬಂದುದು. ಆದರೂ ಕಡೆಯ ಒಂದು ನಿಮಿಷದೊಳಗೆ ಚೆಂಡನ್ನು ಕಂಬಗಳ ನಡುವೆ ಒದ್ದು ಮಿಷಿಗನ್ 13ಕ್ಕೆ 10ರಂತೆ ಗೆದ್ದಿತು. ಮಗಳು ಕುಣಿದಳು. ಆಮೇಲೆ ನಡೆದುದು ಚೆನ್ನಾಗಿರಲಿಲ್ಲ. ಗೆದ್ದವರು ತಮ್ಮ ಬಾವುಟವನ್ನು ಎದುರಾಳಿಗಳ ಮೈದಾನದ ನಡುವೆ ನೆಡಹೋಗಿ ಕೈಕೈ ಮಿಲಾಯಿಸಿತು. ಪೋಲೀಸಿನವರು ಮೆಣಸಿನ ನೀರನ್ನು ಎರಚಿದರು. ಎರಡು ವಿದ್ಯಾಪೀಠಗಳಿಗೂ ಲಕ್ಷ ಲಕ್ಷ ಡಾಲರುಗಳ ದಂಡ ಬಿದ್ದಿತು. 2006ರ ಮೌನವನ್ನು ಕೇಳಿ ತಿಳಿದಿದ್ದ ನಮಗೆ ಈ ಗದ್ದಲವು ಖೇದವನ್ನುಂಟುಮಾಡಿತು. ಸೋತ ಒಹಾಯೊ ಎದೆಗುಂದದೆ 2025ರ ಜನವರಿಯಲ್ಲಿ ದೇಶಕ್ಕೇ ಪ್ರಥಮವಾಯಿತೆಂಬುದನ್ನೂ ಹೇಳದಿದ್ದರೆ ಅಳಿಯಂದಿರಿಗೆ ಅನ್ಯಾಯ ಮಾಡಿದಂತಾದೀತು.

ಡಿಸೆಂಬರ್ 4 ಹೈಸ್ಕೂಲಿನ ಹುಡುಗರು ರುಜು ಹಾಕಲು ತೊಡಗುವ ದಿನ. ಹಿಮ ಬೀಳುತ್ತಿದ್ದಿತು. ಪಕ್ಕದ ಮನೆಯವರು ನಮ್ಮನ್ನೂ ಕರೆದಿದ್ದರು. ಅಡಿಗೆಮನೆಯ ಮೇಜಿನ ಮೇಲೆ ಚಿಕ್ಕ ವಿದ್ಯಾಪೀಠದ ಕಾಗದ. ರಾತ್ರಿಯ ಕೆಲಸದಿಂದ ಬಂದು ಇನ್ನೂ ಉಡುಪು ಬದಲಾಯಿಸದಿದ್ದ ತಾಯಿಯು ಅದನ್ನು ಮೊದಲಿನಿಂದ ಕಡೆಯವರೆಗೆ ಬೆರಳಿಟ್ಟು ಓದಿ, ಆಮೇಲೆ ಲೇಖನಿಯನ್ನು ಮಗನ ಕೈಗೆ ಕೊಟ್ಟಳು. ಹುಡುಗನ ಮುಖದಲ್ಲಿ ಸಂತೋಷವೂ ಇದ್ದಿತು, ಕೊಂಚ ಕೊರತೆಯೂ ಇದ್ದಿತು. ಲಕ್ಷ ಜನರ ಕೂಗು ಅಲ್ಲಿಲ್ಲವಷ್ಟೆ. ತಾತನು ತಮ್ಮ ಹಳೆಯ ಕೆಂಪು ಟೋಪಿಯನ್ನು ತೆಗೆದು ಪಕ್ಕಕ್ಕಿಟ್ಟು, ಮೊಮ್ಮಗನ ಹೊಸ ವಿದ್ಯಾಪೀಠದ ಟೋಪಿಯನ್ನು ಧರಿಸಿಕೊಂಡರು. ಅದು ಅವರ ತಲೆಗೆ ಸ್ವಲ್ಪ ಬಿಗಿಯಾಗಿದ್ದಿತು.

ಊರಿಗೆ ಮರಳಿದ ಮೇಲೆ ನಾವು ಮಾಡಿದ ಮೊದಲ ಕೆಲಸವೆಂದರೆ ಆ ಪಂಪಿನ ಅಂಗಡಿಗೆ ಹೋದುದು. ಹೇಳಬೇಕಾದುದನ್ನು ಹೇಳಿದೆವು. ಅವನು ಕೇಳಿ, ಒಂದು ಗಳಿಗೆ ಕೈಯ ಎಣ್ಣೆಯನ್ನು ಒರಸಿಕೊಳ್ಳುತ್ತಿದ್ದು, “ನನ್ನ ಮಗಳು ಎಂಟನೆಯ ತರಗತಿ, ಸಾರ್, ಯಾವ ಶಾಲೆಗೆ ಹಾಕಲಿ?” ಎಂದನು. ವಿಜ್ಞಾನಕ್ಕೆ ಉಪಾಧ್ಯಾಯರಿದ್ದಾರೆಯೇ ಎಂದು ಮೊದಲು ವಿಚಾರಿಸೋಣವೆಂದು, ಇಬ್ಬರೂ ಕೂಡಿಯೇ ಹೊರಟೆವು.