ಗಾಳಿಯೋ, ಸ್ಪ್ರಿಂಗೋ?

ಜ್ಯಾಕ್ಸನ್ ಹೈಟ್ಸಿನಲ್ಲಿ ಕುಳಿತು ಸ್ನೋಮೊಬೈಲಿನ ವಿಚಾರ ಬರೆಯುವುದು, ಬಯಲುಸೀಮೆಯಲ್ಲಿ ಕುಳಿತು ದೋಣಿಯ ವಿಚಾರ ಬರೆದಂತೆ ಎಂದು ಓದುಗರು ನಕ್ಕಾರು. ನಗಲಿ. ನಮ್ಮ ಎಪ್ಪತ್ನಾಲ್ಕನೇ ಬೀದಿಯಲ್ಲಿ ತೊಗರಿಬೇಳೆ, ಕರಿಬೇವು, ಹುಣಿಸೆಹಣ್ಣು ಎಲ್ಲ ಸಿಗುತ್ತವೆ. ಸ್ನೋಮೊಬೈಲಿನ ಶಾಕ್ ಅಬ್ಸಾರ್ಬರು ಮಾತ್ರ ಸಿಗುವುದಿಲ್ಲ. 2016ರ ಜನವರಿಯಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ 27.5 ಇಂಚು ಹಿಮ ಬಿದ್ದಾಗಲೂ ನಮ್ಮ ಬೀದಿಯಲ್ಲಿ ಆಡಿದ್ದು ಸಲಿಕೆಗಳೇ. ಆದರೂ ಹೋದ ವರ್ಷ ಎಲೆ ಉದುರುವ ಕಾಲವನ್ನೆಲ್ಲ ನಾವು ಈ ಶಾಕ್ ಅಬ್ಸಾರ್ಬರಿನ ಚಿಂತೆಯಲ್ಲೇ ಕಳೆದೆವು. ಕಾರಣ, ನಮ್ಮ ಮಗ.

ಅವನಿರುವುದು ಯೂಟಿಕದ ಕಡೆ. ಅಲ್ಲಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ಅಡಿರಾಂಡಾಕ್ ಬೆಟ್ಟಗಳ ಓಲ್ಡ್ ಫೋರ್ಜ್. ವಾಯವ್ಯಕ್ಕೆ ಹೋದರೆ ಟಗ್ ಹಿಲ್. ಒಂಟಾರಿಯೋ ಸರೋವರದ ಕೃಪೆಯಿಂದ ಅಲ್ಲಿ ವರ್ಷಕ್ಕೆ 200 ಇಂಚಿಗೂ ಮೇಲೆ ಹಿಮ ಬೀಳುವುದುಂಟು. ಅಂಥ ಊರಿನಲ್ಲಿದ್ದು ಸ್ನೋಮೊಬೈಲು ಇಲ್ಲದಿದ್ದರೆ ಹೇಗೆ ಎಂದು, ಇಬ್ಬರು ಕೂರುವ ಹಳೆಯ ಗಾಡಿಯೊಂದನ್ನು ಕೊಂಡ. ಎರಡು ಚಳಿಗಾಲದ ಹಿಂದೆ ನಮ್ಮನ್ನೂ ಹಿಂದೆ ಕೂರಿಸಿಕೊಂಡು ಹೊರಟ. ಒಂದು ದಿಬ್ಬ ಹತ್ತಿ ಇಳಿಯುವಾಗ ಹಿಂದಿನ ಶಾಕ್ ತಳಮುಟ್ಟಿತು. ಆ ಏಟು ಗಾಡಿಗೆ ಬಿತ್ತೋ ನಮ್ಮ ಸೊಂಟಕ್ಕೆ ಬಿತ್ತೋ ಹೇಳುವುದು ಕಷ್ಟ. ಮೂರು ವಾರ ಬಿಸಿನೀರಿನ ಚೀಲವೇ ಗತಿಯಾಯಿತು. "ಇನ್ನೊಂದು ಸಲ ಅದನ್ನು ಹತ್ತಿದರೆ ನಾನು ಸುಮ್ಮನಿರೋಳಲ್ಲ ರೀ" ಎಂದು ನಮ್ಮಾಕೆ ತೀರ್ಪು ಕೊಟ್ಟಳು. ಮಗ ಮತ್ತೆ ಕರೆಯಲಿಲ್ಲ. ತಪ್ಪು ತನ್ನದೆಂದುಕೊಂಡನೋ ಏನೋ, ಟೆಲಿಫೋನಿನಲ್ಲಿ ಮಾತೂ ಕಡಿಮೆಯಾಯಿತು. "ಊಟ ಆಯ್ತಾ?" "ಆಯ್ತು." "ಅಲ್ಲಿ ಚಳಿನಾ?" "ಹೂಂ." ಅಷ್ಟಕ್ಕೇ ಮುಗಿಯುತ್ತಿತ್ತು.

ಹೋದ ಅಕ್ಟೋಬರಿನಲ್ಲಿ ಒಂದು ಭಾನುವಾರ ಅವನೇ ಫೋನು ಮಾಡಿದ. "ಅಪ್ಪ, ಶಾಕ್‌ನಲ್ಲಿ ಎಣ್ಣೆ ಲೀಕ್ ಆಗ್ತಿದೆ, ಬದಲಾಯಿಸಬೇಕು. ಸ್ಪ್ರಿಂಗಿನದು ತರಲಾ, ಗಾಳಿಯದು ತರಲಾ? ನೀವು ಮೆಕ್ಯಾನಿಕಲ್ ಇಂಜಿನಿಯರು ಅಲ್ವಾ?" ಮೂವತ್ತು ವರ್ಷಗಳ ನಂತರ ನಮ್ಮ ಡಿಗ್ರಿಗೆ ಮನೆಯಲ್ಲಿ ಬೆಲೆ ಬಂತು!

ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಶಾಕ್ ಅಬ್ಸಾರ್ಬರಿಗೆ ಎರಡು ಕೆಲಸ. ಭಾರ ಹೊರುವುದು ಒಂದು. ಕುಲುಕಾಟವನ್ನು ಅಡಗಿಸುವುದು ಇನ್ನೊಂದು. ಎರಡನೆಯದನ್ನು ಒಳಗಿನ ಎಣ್ಣೆ ಮಾಡುತ್ತದೆ: ಸಣ್ಣ ರಂಧ್ರಗಳಲ್ಲಿ ತೂರಿ, ನೆಗೆತದ ಶಕ್ತಿಯನ್ನು ಶಾಖವಾಗಿಸುತ್ತದೆ. ಇದು ಎರಡು ಜಾತಿಗೂ ಸಮಾನ. ವ್ಯತ್ಯಾಸವಿರುವುದು ಭಾರ ಹೊರುವುದರಲ್ಲಿ. ಒಂದರಲ್ಲಿ ಉಕ್ಕಿನ ಸುರುಳಿ, ಇನ್ನೊಂದರಲ್ಲಿ ಕೊಳವೆಯಲ್ಲಿ ಬಂಧಿಸಿದ ಗಾಳಿ. ಫಾಕ್ಸ್ ಕಂಪನಿಯ ಫ್ಲೋಟ್ ಎಂಬುದು ಈ ಗಾಳಿಯ ಜಾತಿಯಲ್ಲಿ ಹೆಸರಾದದ್ದು. ಜಟಕಾ ಗಾಡಿಯ ಕಮಾನಿಗೂ ಬೆಂಗಳೂರು-ಮೈಸೂರಿನ ಐರಾವತ ವೋಲ್ವೋ ಬಸ್ಸಿನ ಗಾಳಿಯ ಚೀಲಕ್ಕೂ ಇರುವ ಅಂತರವೇ ಇಲ್ಲಿಯದೂ.

ಸಾಧಾರಣ ಸುರುಳಿ ನೇರ ಸ್ವಭಾವದ್ದು. ಒಂದು ಇಂಚು ಕುಗ್ಗಲು 100 ಪೌಂಡು ಬೇಕಿದ್ದರೆ ಮುಂದಿನ ಇಂಚಿಗೂ ಇನ್ನೊಂದು 100 ಪೌಂಡು ಸಾಕು. ಗಾಳಿ ಹಾಗಲ್ಲ. ಒತ್ತಿದಷ್ಟೂ ಹಟ ಹೆಚ್ಚುತ್ತದೆ. ಜಾಗ ಅರ್ಧವಾದರೆ ಒತ್ತಡ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ದೊಡ್ಡ ದಿಬ್ಬದಲ್ಲಿ ತಳಮುಟ್ಟುವುದು ಕಡಿಮೆ. ತೂಕವೂ ಹಗುರ. ಆದರೆ ಗಾಳಿಯನ್ನು ಹಿಡಿದಿಡುವ ಸೀಲುಗಳು ಬಿಗಿಯಾಗಿರುವುದರಿಂದ ಸಣ್ಣ ಸಣ್ಣ ಏರಿಳಿತದಲ್ಲಿ ಸುರುಳಿಯಷ್ಟು ನಯವಿಲ್ಲ. ಸೀಲುಗಳನ್ನು ಕಾಲಕಾಲಕ್ಕೆ ಬಿಚ್ಚಿ, ಒರೆಸಿ, ಬದಲಾಯಿಸಬೇಕು. ಸುರುಳಿಗೆ ಅಷ್ಟು ಉಪಚಾರ ಬೇಡ.

ಚಳಿಯ ಲೆಕ್ಕ ಬೇರೆ. 20 ಡಿಗ್ರಿ ಸೆಲ್ಸಿಯಸ್ ಇರುವ ಗ್ಯಾರೇಜಿನಲ್ಲಿ ಚದರ ಇಂಚಿಗೆ 60 ಪೌಂಡು ಗಾಳಿ ತುಂಬಿ ಮೈನಸ್ 20ರ ಹೊರಗೆ ನಿಲ್ಲಿಸಿದರೆ, ಒಂದಿಷ್ಟೂ ಸೋರದೆ ಒತ್ತಡ ಸುಮಾರು 50ಕ್ಕೆ ಇಳಿಯುತ್ತದೆ. ಓಡುತ್ತಾ ಓಡುತ್ತಾ ಶಾಕ್ ಬಿಸಿಯಾದಂತೆ ಒಂದಿಷ್ಟು ಏರುತ್ತದೆ.

ಇಷ್ಟನ್ನೂ ಹೇಳಿ, "ನೀನು ಒಬ್ಬನೇ ಓಡಿಸುವುದು ತಾನೇ? ನಿನ್ನ 150 ಪೌಂಡಿಗೆ ಸರಿಯಾದ ಸುರುಳಿ ಹಾಕಿಸು. ಅಗ್ಗ, ರಗಳೆ ಇಲ್ಲ" ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಆದ್ರೆ ಇಬ್ರು ಕೂತ್ರೆ?" ಎಂದ.

ಆಗ ಅರ್ಥವಾಯಿತು, ಪ್ರಶ್ನೆ ಶಾಕಿನದಲ್ಲ ಎಂದು.

ನಾವು 190 ಪೌಂಡು. ಇಬ್ಬರೂ ಸೇರಿದರೆ 340. ಅವನೊಬ್ಬನಿಗೆ ಹಿತವಾದ ಸುರುಳಿ ಇಬ್ಬರಿಗೆ ತಳಮುಟ್ಟುತ್ತದೆ. ಇಬ್ಬರಿಗೆ ತಕ್ಕದ್ದು ಒಬ್ಬನಿಗೆ ಕಲ್ಲಿನಂತಿರುತ್ತದೆ. ಸುರುಳಿಯ ಬಳೆ ತಿರುಗಿಸಿ ಬಿಗಿ ಮಾಡಬಹುದು, ನಿಜ. ಆದರೆ ಅದರಿಂದ ಗಾಡಿಯ ಎತ್ತರ ಬದಲಾದೀತೇ ಹೊರತು ಸುರುಳಿಯ ಗಡಸುತನ ಬದಲಾಗುವುದಿಲ್ಲ. ಗಾಳಿಗೋ, ಕೈಯಲ್ಲಿ ಹಿಡಿಯುವ ಪುಟ್ಟ ಪಂಪು ಸಾಕು. ವರ್ಷಕ್ಕೆ ಎರಡು ದಿನದ ಸವಾರಿಗಾಗಿ ಅಷ್ಟು ಖರ್ಚೇ ಎಂದು ನಮ್ಮೊಳಗಿನ ಇಂಜಿನಿಯರು ಕೇಳಿದ. ಅವನನ್ನು ಸುಮ್ಮನಿರಿಸಿ, "ಗಾಳಿಯದೇ ತಾ" ಎಂದೆವು. ಆಮೇಲೆ ವಾರಕ್ಕೆರಡು ಸಲ ಫೋನು, ಒಂದೊಂದೂ ಅರ್ಧ ಗಂಟೆ!

ಓಲ್ಡ್ ಫೋರ್ಜಿಗೆ ಹೋದದ್ದು ಫೆಬ್ರವರಿಯಲ್ಲಿ. ನಮ್ಮಾಕೆ ಒಪ್ಪಿದ್ದು ಮೂರು ಷರತ್ತಿನ ಮೇಲೆ: ಸೊಂಟದ ಪಟ್ಟಿ ಕಟ್ಟಬೇಕು, ನಿಧಾನವಾಗಿ ಹೋಗಬೇಕು, ತಾನು ಕಾಣುವಷ್ಟು ದೂರದಲ್ಲಿ ಒಮ್ಮೆಯಾದರೂ ಹಾದುಹೋಗಬೇಕು. ಗಾಡಿಯ ಹಿಂಭಾಗವನ್ನು ಎತ್ತಿ ನಿಲ್ಲಿಸಿ ಮಗ ಪಂಪು ಸಿಕ್ಕಿಸಿದ. ಗ್ಯಾರೇಜಿನಲ್ಲಿ ತುಂಬಿದ್ದ ಒತ್ತಡ ಲೆಕ್ಕದಂತೆಯೇ ಇಳಿದಿತ್ತು. ಪಂಪಿನ ಕೊಳವೆಯೂ ಒಂದಿಷ್ಟು ಗಾಳಿ ನುಂಗುತ್ತದೆ. ಅದನ್ನೂ ಸೇರಿಸಿ ತುಂಬಿದ. ನಾವಿಬ್ಬರೂ ಕುಳಿತು, ಗಾಡಿ ಎಷ್ಟು ತಗ್ಗಿತೆಂದು ಟೇಪಿನಲ್ಲಿ ಅಳೆಯುವ ಕೆಲಸ ನಮ್ಮಾಕೆಯ ಪಾಲಿಗೆ ಬಂತು. ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗ ತಗ್ಗಿದರೆ ಸಾಮಾನ್ಯವಾಗಿ ಸರಿ. "ಒಂದು ಗೇಣಿಗೆ ಕಮ್ಮಿ" ಎಂದಳು. ಟೇಪು ಇರುವುದೇತಕ್ಕೆ ಎಂದು ನಾವು ಕೇಳಲಿಲ್ಲ.

ಹೊರಡುವಾಗ ನಮಗೆ ಕ್ವಿಬೆಕ್ಕಿನ ಬೊಂಬಾರ್ಡಿಯರ್ ನೆನಪಾದ. 1934ರ ಚಳಿಗಾಲದಲ್ಲಿ ಹಿಮದಿಂದಾಗಿ ಆಸ್ಪತ್ರೆಗೆ ಒಯ್ಯಲಾಗದೆ ಅವನ ಎರಡು ವರ್ಷದ ಮಗ ತೀರಿಕೊಂಡ. ಹಿಮದ ಮೇಲೆ ಓಡುವ ಗಾಡಿಯ ಕೆಲಸವನ್ನು ಅವನು ಬಿಡಲಿಲ್ಲ. 1959ರಲ್ಲಿ ಸ್ಕೀ-ಡೂ ಬಂತು. ಈ ಆಟದ ಗಾಡಿಯ ಹಿಂದೆ ಒಬ್ಬ ತಂದೆಯ ಸಂಕಟವಿದೆ.

ಆರು ಮೈಲಿ ಹೋಗಿ ಬಂದೆವು. ಸೊಂಟ ಸುಖವಾಗಿತ್ತು. ಸತ್ಯ ಹೇಳಬೇಕೆಂದರೆ, ಅರ್ಧ ಪುಣ್ಯ ಗಾಳಿಯದು, ಉಳಿದರ್ಧ ಮಗ ನಿಧಾನವಾಗಿ ಓಡಿಸಿದ್ದರದು. ಸೊಂಟನೋವಿರುವವರು ಶಾಕನ್ನು ನಂಬಿ ವೇಗವಾಗಿ ಹೋಗಬಾರದು.

ಮರುದಿನ ನಾವು ಹೊರಡುವ ಮುಂಚೆ ಅವನು ಶಾಕಿನಿಂದ ನಮ್ಮ ಪಾಲಿನ ಗಾಳಿಯನ್ನು ಬಿಟ್ಟ. ಬುಸ್ ಎಂದಿತು. "ಮುಂದಿನ ವರ್ಷ ಮತ್ತೆ ತುಂಬೋಣ, ಅಪ್ಪ" ಎಂದ. ನಮ್ಮಾಕೆ ಏನೂ ಹೇಳಲಿಲ್ಲ. ಟೇಪನ್ನು ಮಾತ್ರ ತನ್ನ ಕೈಚೀಲದಲ್ಲೇ ಇಟ್ಟುಕೊಂಡಳು.