ಮನಕಲಕುವ ಹಾಡು

ಪದವಿಯ ಎರಡನೆಯ ವರ್ಷದಲ್ಲಿ ನನಗೊಂದು ಅನುವಾದದ ಕೆಲಸ ಕೊಟ್ಟಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಬಗ್ಗೆ ಇಂಗ್ಲಿಷಿನ ಒಂದು ಪುಟ. ಗಾಂಧೀಜಿ ಅಧ್ಯಕ್ಷತೆಯ ಆ ಅಧಿವೇಶನದಲ್ಲಿ ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರು ಬರೆದ ನಾಡಗೀತೆಯನ್ನು ಹಾಡಿದ್ದರು. ಆ ಗೀತೆಗೆ ಪುಟದಲ್ಲಿದ್ದ ವಿಶೇಷಣ 'ಸ್ಟರಿಂಗ್'. ನಿಘಂಟು ನೋಡಿದೆ. ಸ್ಟರ್ ಅಂದರೆ ಕಲಕು. 'ಮನಕಲಕುವ ಗೀತೆ' ಎಂದು ಬರೆದು, ಹೆಮ್ಮೆಯಿಂದ ಅವ್ವನಿಗೆ ಓದಿ ಹೇಳಿದೆ.

ಅವ್ವ ಒಲೆಯ ಮುಂದೆ ನುಚ್ಚು ತಿರುವುತ್ತಿದ್ದಳು. "ಯಾರರ ಸತ್ತಿದ್ರೇನು?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. "ಹೊಳ್ಯಾಗ ಎಮ್ಮಿ ಇಳಿದ್ರ ನೀರು ಕಲಕತೈತಿ, ರಾಡಿ ಏಳತೈತಿ. ಹುರುಪಿನ ಹಾಡು ಕೇಳಿದ್ರ ರಾಡಿ ಯಾಕ ಏಳಬೇಕು?"

ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪತ್ರಿಕೆ ತೆಗೆದು ನೋಡಿ, ಕನ್ನಡದಲ್ಲಿ ಮನ ಕಲಕುವುದು ಅಪಘಾತ, ನೆರೆ, ತಾಯಿ ಕಳೆದುಕೊಂಡ ಕೂಸು. ಇಂಗ್ಲಿಷಿನವರಿಗೆ ಕಲಕುವುದೆಂದರೆ ಮಲಗಿದ್ದನ್ನು ಎಬ್ಬಿಸುವುದು. ನಮಗೆ ತಿಳಿಯಾದದ್ದನ್ನು ಕದಡುವುದು. ಅಂಥ ಭಾಷಣಕ್ಕೂ ಗೀತೆಗೂ ನಮ್ಮಲ್ಲಿ ಬೇರೆಯೇ ಮಾತುಗಳಿವೆ: ಮೈನವಿರೇಳಿಸುವ, ಹುರಿದುಂಬಿಸುವ. ಹಗ್ಗ ಹೊಸೆಯುವವರಿಗೆ ಗೊತ್ತು, ಹುರಿ ಬಿದ್ದಷ್ಟೂ ನೂಲು ಗಟ್ಟಿ. 'ಮನಕಲಕುವ' ಹೊಡೆದು 'ಹುರಿದುಂಬಿಸುವ' ಎಂದು ತಿದ್ದಿದೆ. ಮೇಷ್ಟ್ರು ಆ ಪದದ ಕೆಳಗೆ ಗೆರೆ ಎಳೆದು 'ಚಲೋ' ಎಂದು ಬರೆದಿದ್ದರು.

ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ಊರಿನ ಭಜನಾ ಮೇಳದಲ್ಲಿ ತಾಳ ಹಿಡಿಯುತ್ತಿದ್ದವನು ಅವನು. ಅದೇ ಮೇಳದವರು ರಾತ್ರಿಯಿಡೀ ಹೆಣದ ಮುಂದೆ ಕುಳಿತು ಹಾಡಿದರು. ಅವ್ವ ಮಾತ್ರ ಗೋಡೆಗೆ ಒರಗಿ ಕಲ್ಲಿನಂತೆ ಕುಳಿತಿದ್ದಳು. ಸಂಜೆಯಿಂದ ಒಂದು ಹನಿ ಕಣ್ಣೀರಿಲ್ಲ, ಒಂದು ಮಾತಿಲ್ಲ. ನಮಗೆಲ್ಲ ಅದೇ ಅಂಜಿಕೆಯಾಗಿತ್ತು.

ನಸುಕಿನ ಹೊತ್ತಿಗೆ ಅಪ್ಪ ಯಾವಾಗಲೂ ಎತ್ತಿಕೊಳ್ಳುತ್ತಿದ್ದ ಶರೀಫಜ್ಜನ ತತ್ವಪದ ಶುರುವಾಯಿತು. ಮೊದಲ ನುಡಿ ಮುಗಿಯುವಷ್ಟರಲ್ಲಿ ಅವ್ವ ಒಮ್ಮೆಲೆ ಒಡೆದು ಅತ್ತಳು. ಯಾರೂ ಹಾಡು ನಿಲ್ಲಿಸಲಿಲ್ಲ. ಮೂರನೆಯ ನುಡಿಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮೂಲೆಯಲ್ಲಿದ್ದ ಅಪ್ಪನ ತಾಳ ಕೈಗೆ ತಗೊಂಡಳು. ಪದ ಮುಗಿಯುವ ತನಕ ಬಾರಿಸಿದಳು. ಆಮೇಲೆ ಎದ್ದು ಎಲ್ಲರಿಗೂ ಚಹಾಕ್ಕೆ ನೀರಿಟ್ಟಳು.

ಭಾಷಣಕ್ಕೆ, ನಾಡಗೀತೆಗೆ ನಾನು ಇವತ್ತಿಗೂ 'ಹುರಿದುಂಬಿಸುವ' ಎಂದೇ ಬರೆಯುತ್ತೇನೆ. ಆ ನಸುಕಿನ ಹಾಡಿಗೆ ಮಾತ್ರ ಅಂದು ಹೊಡೆದುಹಾಕಿದ ಪದವೇ ಬೇಕಾಗುತ್ತದೆ. ರಾಡಿ ಎದ್ದಿತ್ತು, ಅದರ ಜೊತೆಗೆ ಅವ್ವನೂ ಎದ್ದಿದ್ದಳು.